ಕಾಡುಬೆಕ್ಕಿನ ಕಾಡತೂಸು: ಮನೆಗೆ ಮರಳುವ ಬೆಕ್ಕನ್ನೇ ಸಾಕಿರಿ



ಗೊಬ್ಬರದ ಬೇಡಿಕೆ ಬರೆಸಲು ಸಂಘದ ಕಚೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಕೆಲಸ ಮುಗಿದ ಮೇಲೂ ಏಳದೆ ಕುಳಿತರು. ಅವರ ಅಣ್ಣನ ಮಗ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ನೆಲೆಸಿ, ಅಲ್ಲಿಯ ಪ್ರಜೆಯೂ ಆಗಿ, ಈಗ ಇಪ್ಪತ್ತು ಎಕರೆ ಹುಲ್ಲುಗಾವಲು ಕೊಂಡಿದ್ದಾನೆ. ಆ ನೆಲದಲ್ಲಿ ವುಡ್‌ಚಕ್ ಎಂಬ ಪ್ರಾಣಿಯ ಹಾವಳಿ. ಅಳಿಲಿನ ಜಾತಿಗೇ ಸೇರಿದ, ಮೂರು ನಾಲ್ಕು ಕಿಲೋ ತೂಗುವ ಈ ಪ್ರಾಣಿ ಹುಲ್ಲುಗಾವಲಿನ ನಡುವೆ ಬಿಲ ತೋಡುತ್ತದೆ. ಹುಲ್ಲು ಕೊಯ್ಯುವ ಯಂತ್ರದ ಚಕ್ರ ಆ ಬಿಲಕ್ಕೆ ಇಳಿದರೆ ಅಂದಿನ ಕೆಲಸ ಕೆಟ್ಟಂತೆ. ದನದ ಕಾಲು ಇಳಿದರೆ ದನವೇ ಹೋದಂತೆ. ಹುಡುಗ ಇದಕ್ಕಾಗಿ ಒಂದು ರೈಫಲ್ಲನ್ನು ತನ್ನ ಅಳತೆಗೆ ಮಾಡಿಸಬೇಕೆಂದಿದ್ದಾನೆ. ಮಾಡಿಸುವುದಾದರೆ ಅಂಗಡಿಯಲ್ಲಿ ಸಿಗದ, 'ವೈಲ್ಡ್‌ಕ್ಯಾಟ್' ಜಾತಿಯ ಸಣ್ಣ ಕಾಡತೂಸಿಗೇ ಮಾಡಿಸಬೇಕೆಂಬ ಹಂಬಲ. ಅಣ್ಣನ ಮಗನ ಪ್ರಶ್ನೆ ಚಿಕ್ಕಪ್ಪನಿಗೆ ಬಂತು, ಚಿಕ್ಕಪ್ಪನವರು ಅದನ್ನು ತಂದು ನಮ್ಮ ಮೇಜಿನ ಮೇಲಿಟ್ಟರು.

"ನೀವು ಇದನ್ನೆಲ್ಲ ಓದಿಕೊಂಡವರು. ನಾಲ್ಕು ಮಾತು ಬರೆದುಕೊಡಿ, ಹುಡುಗ ದುಡ್ಡು ಹಾಳುಮಾಡದಿರಲಿ" ಎಂದರು. ಪಕ್ಕದಲ್ಲಿ ಕುಳಿತಿದ್ದ ತರುಣ ಸದಸ್ಯರೊಬ್ಬರು, "ಅಂಥದೊಂದು ನಮ್ಮ ತೋಟಕ್ಕೂ ಆಗಬಹುದೇ?" ಎಂದು ಕೇಳಿದರು. ಮೊದಲ ಪ್ರಶ್ನೆಗೆ ಉತ್ತರ ಬರೆಯುವುದು ಸಂತೋಷದ ಕೆಲಸ. ಎರಡನೆಯದಕ್ಕೆ ಉತ್ತರಿಸುವುದು ನಮ್ಮ ಕರ್ತವ್ಯ. ಆದ್ದರಿಂದ ಎರಡನ್ನೂ ಈ ಪುಟದಲ್ಲೇ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. 'ವರ್ಮಿನ್' ಎಂಬ ಇಂಗ್ಲಿಷ್ ಪದ ಹಳ್ಳಿಗರ ಬಾಯಲ್ಲಿ 'ವಾರ್ಮಿಂಟ್' ಆಯಿತು. ಬೆಳೆಗೆ, ಕೋಳಿ ಕುರಿಗಳಿಗೆ ಕಾಟ ಕೊಡುವ ಪ್ರಾಣಿಗಳಿಗೆಲ್ಲ ಅಮೆರಿಕದಲ್ಲಿ ಅದೇ ಹೆಸರು. ಇವುಗಳನ್ನು ದೂರದಿಂದ, ನಿಖರವಾಗಿ ಹೊಡೆಯಲು ಭಾರವಾದ ನಳಿಗೆ ಮತ್ತು ದುರ್ಬೀನು ಜೋಡಿಸಿದ ಕೋವಿಯೇ ವಾರ್ಮಿಂಟ್ ರೈಫಲ್. ಇನ್ನು ವೈಲ್ಡ್‌ಕ್ಯಾಟ್ ಎಂದರೆ ಕಾಡುಬೆಕ್ಕು. ಯಾವ ಕಾರ್ಖಾನೆಯೂ ತಯಾರಿಸಿ ಮಾರದ ಕಾಡತೂಸಿಗೆ ಈ ಹೆಸರು. ಕಾರ್ಖಾನೆಯ ಹಿತ್ತಾಳೆ ಕೇಸನ್ನು ತೆಗೆದುಕೊಂಡು, ಅದರ ಆಕಾರ ಬದಲಿಸಿ, ಕೇಪು, ಮದ್ದು, ಗುಂಡುಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬಿಕೊಳ್ಳಬೇಕು. ಕಸಿ ಕಟ್ಟುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಬೇರು ಒಂದರದು, ಕುಡಿ ಇನ್ನೊಂದರದು.

ಇಂಥ ಕಾಡುಬೆಕ್ಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಈ ವ್ಯತ್ಯಾಸವೇ ನಮ್ಮ ವಾದದ ಬೇರು, ಸದಸ್ಯರು ಗಮನಿಸಬೇಕು. ಮೊದಲನೆಯದು ಕೇಸಿನ ಕುತ್ತಿಗೆಯನ್ನು ಕಿರಿದು ಮಾಡಿದ ಬಗೆ. ಉದಾಹರಣೆಗೆ .221 ಫೈರ್‌ಬಾಲ್ ಎಂಬ ಕೇಸಿನ ಕುತ್ತಿಗೆಯನ್ನು .20ಕ್ಕೆ ಇಳಿಸಿದರೆ .20 ವಾರ್‌ಟಾರ್ಗ್, .17ಕ್ಕೆ ಇಳಿಸಿದರೆ .17 ಮ್ಯಾಕ್ ಫೋರ್. ಹೀಗೆ ಮಾಡಿದ ಕೋವಿಗೆ ಮೂಲ ಕಾಡತೂಸು ಬಳಸುವಂತಿಲ್ಲ. ಗುಂಡಿನ ಗಾತ್ರವೇ ಬೇರೆ. ಎರಡನೆಯದು ಗುಂಡಿನ ಗಾತ್ರವನ್ನು ಬದಲಿಸದೆ ಕೇಸಿನ ಹೊಟ್ಟೆಯನ್ನು ಮಾತ್ರ ಹಿಗ್ಗಿಸಿದ ಬಗೆ. ಇದನ್ನು 'ಇಂಪ್ರೂವ್ಡ್' ಎನ್ನುತ್ತಾರೆ. ಕೋವಿಯಲ್ಲಿ ಕಾಡತೂಸು ಕೂರುವ ಗೂಡನ್ನು ಸ್ವಲ್ಪ ಅಗಲಿಸಿ, ಅದರಲ್ಲಿ ಕಾರ್ಖಾನೆಯ ಸಾಧಾರಣ ಕಾಡತೂಸನ್ನೇ ಹಾರಿಸಿದರೆ, ಮದ್ದಿನ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ಹೊಸ ಗೂಡಿನ ಆಕಾರ ತಾಳುತ್ತದೆ. ಖಾಲಿ ಕೇಸು ಹೊರಬಂದಾಗ ಅದು ಹೊಸ ಜಾತಿಯದು. ಮುಂದಿನ ಸಲ ಅದರಲ್ಲಿ ತುಸು ಹೆಚ್ಚು ಮದ್ದು ಹಿಡಿಸುತ್ತದೆ.

ಈ ವಿದ್ಯೆಗೆ ದೊಡ್ಡ ಇತಿಹಾಸವಿದೆ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಕೆಲವು ಉತ್ಸಾಹಿಗಳು .22 ಡಬ್ಲ್ಯುಸಿಎಫ್ ಎಂಬ 1885ರ ಕಾಲದ ಹಳೆಯ ಕಾಡತೂಸಿಗೆ ಹೊಸ ಮದ್ದು, ಹೊಸ ಗುಂಡು ಹಾಕಿ ನೋಡಿದರು. ಅದೇ .22 ಹಾರ್ನೆಟ್, ಅಂದರೆ ಕಣಜ. ಜನರ ಬೇಡಿಕೆ ಕಂಡು ವಿಂಚೆಸ್ಟರ್ ಕಂಪನಿ 1930ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. 1940ರಲ್ಲಿ ಲೈಲ್ ಕಿಲ್‌ಬೋರ್ನ್ ಎಂಬವರು ಅದರ ಹೊಟ್ಟೆ ಹಿಗ್ಗಿಸಿ 'ಕೆ-ಹಾರ್ನೆಟ್' ಮಾಡಿದರು. 1915ರ .250 ಸ್ಯಾವೇಜ್ ಕೇಸಿನ ಕುತ್ತಿಗೆಯನ್ನು 1930ರ ದಶಕದಲ್ಲಿ .22ಕ್ಕೆ ಇಳಿಸಿದಾಗ .22-250 ಹುಟ್ಟಿತು. ಅದು ಸುಮಾರು ಮೂರು ದಶಕ ಕಾಡುಬೆಕ್ಕಾಗಿಯೇ ಇದ್ದು, 1965ರಲ್ಲಿ ರೆಮಿಂಗ್ಟನ್ ಕಂಪನಿಯ ಮೂಲಕ ಸಾಕುಬೆಕ್ಕಾಯಿತು. .17 ಮ್ಯಾಕ್ ಫೋರ್‌ನ ಹಾದಿಯಲ್ಲೇ 2007ರಲ್ಲಿ ರೆಮಿಂಗ್ಟನ್ನಿನ .17 ಫೈರ್‌ಬಾಲ್ ಬಂತು. 2012ರಲ್ಲಿ ಹಾರ್ನಡಿ ಕಂಪನಿಯ.17 ಹಾರ್ನೆಟ್ ಬಂತು. ಇದರಿಂದ ತಿಳಿಯುವುದೇನೆಂದರೆ, ಕಾಡುಬೆಕ್ಕುಗಳಲ್ಲಿ ನಿಜವಾಗಿ ಉಪಯುಕ್ತವಾದವು ಇಂದಲ್ಲ ನಾಳೆ ಅಂಗಡಿಯ ಕಪಾಟಿಗೆ ಬರುತ್ತವೆ.

ವೇಗದ ಹುಚ್ಚಿಗೂ ಅಲ್ಲಿ ಕೊರತೆಯಿಲ್ಲ. ಪಿ. ಒ. ಆಕ್ಲಿ (1903-1989) ಎಂಬ ಹೆಸರಾಂತ ಕೋವಿ ತಯಾರಕರು ಒಮ್ಮೆ, ದೊಡ್ಡ ಬೇಟೆಗಾಗಿ ಇದ್ದ .378 ವೆದರ್‌ಬಿ ಕಾಡತೂಸಿನ ಭಾರೀ ಕೇಸಿನ ಕುತ್ತಿಗೆಯನ್ನು .22ಕ್ಕೆ ಇಳಿಸಿದರು. ಸೆಕೆಂಡಿಗೆ 5,000 ಅಡಿ ವೇಗ ಮುಟ್ಟಬೇಕೆಂಬುದು ಗುರಿ. ಅಷ್ಟೆಲ್ಲ ಮದ್ದು ಸುಟ್ಟರೂ ಸಿಕ್ಕಿದ್ದು ಸುಮಾರು 4,600 ಅಡಿ. 1935ರ .220 ಸ್ವಿಫ್ಟ್ ಅದಕ್ಕಿಂತ ಎಷ್ಟೋ ಚಿಕ್ಕ ಕೇಸಿನಲ್ಲಿ, 48 ಗ್ರೇನಿನ ಗುಂಡಿಗೆ 4,110 ಅಡಿ ವೇಗ ಕೊಟ್ಟಾಗಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಕಥೆ ಇದು. ಆಕ್ಲಿಯವರೇ ಅದಕ್ಕೊಂದು ನಗೆಯ ಹೆಸರಿಟ್ಟಿದ್ದರೆಂದ ಮೇಲೆ, ಅವರಿಗೂ ಅದು ಗೊತ್ತಿತ್ತೆಂದೇ ತೋರುತ್ತದೆ.

ನಮ್ಮ ಸದಸ್ಯರಿಗೆ ಗೊಬ್ಬರದ ಲೆಕ್ಕ ಗೊತ್ತು. ಮೊದಲ ಕಂತಿಗೆ ಗಿಡ ಕಾಣುವಂತೆ ಚಿಗುರುತ್ತದೆ. ಎರಡನೆಯದಕ್ಕೆ ಅಷ್ಟಿಲ್ಲ. ಮೂರನೆಯದು ಮಳೆಯ ಜೊತೆ ಹೊಳೆಗೆ ಹೋಗುತ್ತದೆ. ಮದ್ದಿನ ಲೆಕ್ಕವೂ ಹಾಗೆಯೇ. .223 ರೆಮಿಂಗ್ಟನ್ ಕಾಡತೂಸು ಸುಮಾರು 25 ಗ್ರೇನ್ ಮದ್ದಿನಲ್ಲಿ 55 ಗ್ರೇನಿನ ಗುಂಡನ್ನು ಸೆಕೆಂಡಿಗೆ 3,240 ಅಡಿ ಓಡಿಸುತ್ತದೆ. .22-250 ಅದೇ ಗುಂಡನ್ನು 3,680 ಅಡಿ ಓಡಿಸಲು ಸುಮಾರು 35 ಗ್ರೇನ್ ಸುಡುತ್ತದೆ. ಮದ್ದು ನೂರಕ್ಕೆ ನಲವತ್ತು ಹೆಚ್ಚಾಯಿತು, ವೇಗ ಹೆಚ್ಚಿದ್ದು ನೂರಕ್ಕೆ ಹದಿನಾಲ್ಕರಷ್ಟು. ಉಳಿದ ಶಾಖವೆಲ್ಲ ನಳಿಗೆಯ ಕಂಠವನ್ನು ತಿನ್ನುತ್ತದೆ, ಸದ್ದೂ ಹೆಚ್ಚುತ್ತದೆ. ಮುನ್ನೂರು ನಾನ್ನೂರು ಗಜದ ಬಯಲಿನಲ್ಲಿ ಗುರಿ ಇಡುವವನಿಗೆ ಆ ಹೆಚ್ಚಿನ ವೇಗ ಬೇಕು; ಅವನು ಬೆಲೆ ಕೊಡಲಿ. ಇಪ್ಪತ್ತು ಎಕರೆಯ ಬೇಲಿಯಿಂದ ಬೇಲಿಗೆ ಮುನ್ನೂರು ಗಜವಿದ್ದರೆ ಹೆಚ್ಚು. ಅದರಾಚೆ ನೆರೆಯವರ ಮನೆಗಳಿವೆ.

ಇಲ್ಲಿ ಕಾಡುಬೆಕ್ಕಿನ ಪಕ್ಷದವರ ಮಾತನ್ನೂ ಕೇಳಬೇಕು. ತನ್ನ ಕೋವಿಗೆ ತಾನೇ ಕಾಡತೂಸು ರೂಪಿಸುವುದರಲ್ಲಿ ಒಂದು ವಿದ್ಯೆಯ ಸುಖವಿದೆ. ಕೇಸು ಕತ್ತರಿಸಿ ಉದ್ದ ಸರಿಮಾಡುವುದು, ಕುತ್ತಿಗೆಯ ದಪ್ಪ ಅಳೆಯುವುದು, ಮದ್ದನ್ನು ಗ್ರೇನಿನ ಹತ್ತನೆಯ ಒಂದು ಪಾಲಿನವರೆಗೆ ತೂಗುವುದು, ಇದೆಲ್ಲ ಮನುಷ್ಯನಿಗೆ ತಾಳ್ಮೆ ಕಲಿಸುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಒಳ್ಳೆಯ ಸಣ್ಣ ಕಾಡತೂಸುಗಳಲ್ಲಿ ಅನೇಕವು ಇಂಥ ಹವ್ಯಾಸಿಗಳ ಮೇಜಿನ ಮೇಲೆ ಹುಟ್ಟಿದವು. ಹಗುರವಾದ ವೇಗದ ಗುಂಡು ನೆಲಕ್ಕೆ ಬಡಿದೊಡನೆ ಪುಡಿಯಾಗುವುದರಿಂದ, ನಿಧಾನದ .22 ರಿಮ್‌ಫೈರ್ ಸೀಸದ ಗುಂಡಿನಂತೆ ನೆಲಕ್ಕೆ ತಾಗಿ ಚಿಮ್ಮಿ ಇನ್ನೆಲ್ಲೋ ಹೋಗುವ ಭಯವೂ ಕಡಿಮೆ. ಇವೆಲ್ಲ ಒಪ್ಪತಕ್ಕ ಮಾತುಗಳೇ.

ಆದರೆ ಕಾಡುಬೆಕ್ಕನ್ನು ಸಾಕುವ ಖರ್ಚು ಕೋವಿಯ ಬೆಲೆಯಲ್ಲಿ ಕಾಣುವುದಿಲ್ಲ. ಗೂಡು ಕೊರೆಯುವ ರೀಮರ್ ಬೇಕು, ಅಳತೆ ನೋಡುವ ಗೇಜು ಬೇಕು, ಕೇಸನ್ನು ತಿದ್ದುವ ಡೈ ಬೇಕು. ಅಪರೂಪದ ಜಾತಿಯಾದರೆ ಎಲ್ಲವನ್ನೂ ಹೇಳಿ ಮಾಡಿಸಬೇಕು. ಕಾರ್ಖಾನೆಯ ಕಾಡತೂಸುಗಳಿಗೆ 'ಸಾಮಿ' ಎಂಬ ಅಮೆರಿಕದ ಸಂಸ್ಥೆ ಒತ್ತಡದ ಮಿತಿಯನ್ನೂ ಅಳತೆಗಳನ್ನೂ ಗೊತ್ತುಮಾಡಿದೆ. ಕಾಡುಬೆಕ್ಕಿಗೆ ಅಂಥ ಮಿತಿ ಇಲ್ಲ. ಒಬ್ಬರ ರೀಮರಿಗೂ ಇನ್ನೊಬ್ಬರ ರೀಮರಿಗೂ ಅಳತೆಯಲ್ಲಿ ವ್ಯತ್ಯಾಸ ಇರಬಹುದು. ಮೂಲ ಕೇಸು ಮಾರುಕಟ್ಟೆಯಿಂದ ಮಾಯವಾದರೆ ಕೋವಿ ಗೋಡೆಯ ಅಲಂಕಾರ. 2020-21ರಲ್ಲಿ ಅಮೆರಿಕದಲ್ಲಿಯೇ ಕೇಪುಗಳ ದೊಡ್ಡ ಅಭಾವವಾಯಿತು. ಆಗ ಕೈಯಿಂದ ತುಂಬಿಕೊಳ್ಳುವುದನ್ನೇ ನೆಚ್ಚಿದ್ದವರು, ಮದ್ದಿದ್ದರೂ ಗುಂಡಿದ್ದರೂ, ಸಣ್ಣ ಕೇಪಿಲ್ಲದೆ ಸುಮ್ಮನೆ ಕುಳಿತರು.

ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಕೋವಿ ಮನುಷ್ಯನಿಗಿಂತ ಹೆಚ್ಚು ಕಾಲ ಬದುಕುತ್ತದೆ. ಮಾಡಿಸಿದವನಿಗೆ ಗೂಡಿನ ಅಳತೆ ಗೊತ್ತು. ಅವನ ಮಗನಿಗೆ ಗೊತ್ತಿರುವುದಿಲ್ಲ. ನಮ್ಮ ಬಾಲ್ಯದಲ್ಲಿ ನೆರೆಯ ಊರಿನ ಒಬ್ಬರು, ತಂದೆಯಿಂದ ಬಂದ ಕೇಪಿನ ಕೋವಿಗೆ ಇನ್ನೊಂದು ಕೋವಿಯ ಅಳತೆಯಲ್ಲಿ ಮದ್ದು ಹಾಕಿದರು. ನಳಿಗೆ ಸೀಳಿ ಎಡಗೈಯ ಎರಡು ಬೆರಳು ಹೋದವು. ಆಮೇಲೆ ಅವರು ಕಾಫಿ ಕೊಯ್ಲಿಗೆ ಬುಟ್ಟಿ ಕಟ್ಟಿಕೊಳ್ಳಲೂ ಹೆಂಡತಿಯ ಸಹಾಯ ಕೇಳುತ್ತಿದ್ದುದನ್ನು ನಾವು ಕಂಡಿದ್ದೇವೆ. ತಪ್ಪು ಅವರದಲ್ಲ, ತಂದೆಯದೂ ಅಲ್ಲ. ಹೇಳಬೇಕಾದ ಒಂದು ಮಾತು ಹೇಳದೆ ಉಳಿದುಹೋಗಿತ್ತು, ಅಷ್ಟೆ. ಕೋವಿ ಆಯುವಾಗ 'ನಾನು ಇಲ್ಲದ ದಿನ ಇದನ್ನು ಯಾರು ಎತ್ತಿಕೊಳ್ಳುತ್ತಾರೆ, ಅವರ ಕೈಗೆ ಯಾವ ಕಾಡತೂಸು ಸಿಗುತ್ತದೆ' ಎಂದು ಯೋಚಿಸುವುದು ಎಲ್ಲ ವೇಗದ ಲೆಕ್ಕಕ್ಕಿಂತ ಮೊದಲಿನ ಕೆಲಸ.

ಆದ್ದರಿಂದ ಹುಡುಗನಿಗೆ ನಾವು ಬರೆದ ಉತ್ತರ ಹೀಗಿದೆ. ಕಾಡುಬೆಕ್ಕು ಬೇಡವೆನ್ನುವುದಾದರೆ .223 ಕೊಳ್ಳಬಹುದು, ಅದರ ಕಾಡತೂಸು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಚರ್ಚೆಯೇ ಬೇಡ. ಕಾಡುಬೆಕ್ಕು ಬೇಕೇ ಬೇಕೆಂದರೆ ಮನೆಗೆ ಮರಳಬಲ್ಲ ಬೆಕ್ಕನ್ನು ಸಾಕು, ಅಂದರೆ ಎರಡನೆಯ ಬಗೆಯನ್ನು. ಅದರಲ್ಲೂ ಕೆ-ಹಾರ್ನೆಟ್ಟನ್ನು. ಕೈಯಿಂದ ತುಂಬಿದ್ದು ಮುಗಿದ ದಿನ ಅಂಗಡಿಯಿಂದ ಸಾಧಾರಣ .22 ಹಾರ್ನೆಟ್ ತಂದು ಅದೇ ಕೋವಿಯಲ್ಲಿ ಹಾರಿಸಬಹುದು. ವೇಗ ತುಸು ಕಡಿಮೆ, ಅಷ್ಟೆ. ಖಾಲಿ ಕೇಸು ಹೊಸ ಆಕಾರದಲ್ಲಿ ಕೈಗೆ ಬರುವುದು ಲಾಭ. ಹಾರ್ನೆಟ್ ಕೇಸಿನ ಬುಡದಲ್ಲಿ ಅಂಚು, ಅಂದರೆ ರಿಮ್ ಇದೆ. ಗೂಡಿನಲ್ಲಿ ಕೇಸನ್ನು ಹಿಡಿದು ನಿಲ್ಲಿಸುವುದು ಆ ಅಂಚೇ ಆದ್ದರಿಂದ ಮುಂಭಾಗವನ್ನು ಹಿಗ್ಗಿಸುವಾಗ ಕೇಸು ಹಿಂದೆ ಮುಂದೆ ಜಾರುವುದಿಲ್ಲ. ಅಂಚಿಲ್ಲದ .22-250ಯ ಇಂಪ್ರೂವ್ಡ್ ಬಗೆಯಲ್ಲೂ ಕಾರ್ಖಾನೆಯ ಕಾಡತೂಸು ಹಾರಿಸಬಹುದು ನಿಜ. ಆದರೆ ಗೂಡನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆಯಬಲ್ಲ ಕುಶಲಿ ಬೇಕು. ಅಲ್ಲದೆ ಆ ಸದ್ದಿಗೆ ನೆರೆಯವರು ಒಂದು ಭಾನುವಾರ ಸಹಿಸಿ, ಮುಂದಿನ ಭಾನುವಾರ ಗೇಟಿಗೆ ಬರುತ್ತಾರೆ.

ಹೊಸ ರೈಫಲ್ ಮಾಡಿಸುವ ಅಗತ್ಯವೂ ಬೀಳದಿರಬಹುದು. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಹಾರ್ನೆಟ್ ಸಿಕ್ಕಿದರೆ, ಬಲ್ಲ ಕುಶಲಿಯಿಂದ ಅದರ ಗೂಡಿಗೆ ಕೆ-ಹಾರ್ನೆಟ್ ರೀಮರ್ ಹಾಯಿಸಿದರೆ ಸಾಕು, ನಳಿಗೆ ಬದಲಿಸುವಂತಿಲ್ಲ. ಕೊಳ್ಳುವಾಗ ನಳಿಗೆಯ ಒಳ ಅಳತೆ ನೋಡಬೇಕು: ಹಳೆಯ ಹಾರ್ನೆಟ್ಟುಗಳಲ್ಲಿ ಕೆಲವು .223 ಅಂಗುಲದವು, ಈಗಿನವು .224. ಈ ನಳಿಗೆಗಳ ಒಳಸುತ್ತು ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು. ಅದಕ್ಕೆ 35ರಿಂದ 45 ಗ್ರೇನಿನ ಗುಂಡೇ ಹೊಂದುತ್ತದೆ, ಉದ್ದ ಗುಂಡಿಗೆ ಆಸೆಪಡಬಾರದು. ದೋಷಗಳನ್ನೂ ಮುಚ್ಚಿಡುವುದಿಲ್ಲ. ಹಾರ್ನೆಟ್ ಕೇಸಿನ ಹಿತ್ತಾಳೆ ತೆಳು; ಕೆ ಆಕಾರದಲ್ಲಿ ಅದರ ಬಾಳಿಕೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಒರಟು ಕೈಗೆ ಆಗದು. ಇನ್ನೂರು ಗಜ ದಾಟಿದರೆ ಗುಂಡು ಬೇಗ ಇಳಿಯುತ್ತದೆ. ಅಷ್ಟರೊಳಗೆ ಹೊಡೆಯುವವನಿಗೆ ಹನ್ನೆರಡು ಹದಿಮೂರು ಗ್ರೇನ್ ಮದ್ದಿನಲ್ಲಿ ಕೆಲಸ ಮುಗಿಯುತ್ತದೆ, ನಳಿಗೆಯೂ ಬಹುಕಾಲ ಬಾಳುತ್ತದೆ. ಇನ್ನೊಂದು ಮಾತನ್ನು ಅಡಿಗೆರೆ ಎಳೆದು ಬರೆದಿದ್ದೇವೆ: ನಳಿಗೆಯ ಮೇಲೆ 'ಕೆ-ಹಾರ್ನೆಟ್' ಎಂದು ಅಳಿಯದಂತೆ ಕೊರೆಸಬೇಕು, ಆ ರಾಜ್ಯದ ಬೇಟೆಯ ಕಾನೂನು, ಲೈಸೆನ್ಸು ನೋಡಿಕೊಂಡೇ ಮೊದಲ ಈಡು ಹಾಕಬೇಕು.

ಇನ್ನು ಎರಡನೆಯ ಪ್ರಶ್ನೆ: ನಮ್ಮ ತೋಟಗಳಿಗೆ ಇಂಥದು ಆಗಬಹುದೇ? ಆಗದು ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ.

ಕಾರಣಗಳಲ್ಲಿ ಮೊದಲನೆಯದು ಕಾನೂನು. ಅಮೆರಿಕದಲ್ಲಿ ಸ್ವಂತ ಬಳಕೆಗೆ ಕಾಡತೂಸು ತುಂಬಿಕೊಳ್ಳುವುದು ಮನೆಯ ಹವ್ಯಾಸ. ನಮ್ಮಲ್ಲಿ 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ಕೋವಿಯನ್ನಾಗಲಿ ಕಾಡತೂಸನ್ನಾಗಲಿ ತಯಾರಿಸಲು, ಕೋವಿಯನ್ನು ಮಾರ್ಪಡಿಸಲು ಪ್ರತ್ಯೇಕ ಲೈಸೆನ್ಸು ಬೇಕು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಶಿಕ್ಷೆ 7 ವರ್ಷ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸು ಕೋವಿ ಇಟ್ಟುಕೊಳ್ಳಲು. ಅದರ ಗೂಡು ಕೊರೆಸಲು ಅಲ್ಲ. ಕೊಡಗಿನ ಬಂಧುಗಳಿಗೆ ಇರುವ ವಿನಾಯಿತಿಯೂ ಕೋವಿ ಹೊಂದಲು ಇರುವುದೇ ಹೊರತು, ಕಾಡತೂಸಿನ ಕಾರ್ಖಾನೆ ತೆರೆಯಲು ಇರುವುದಲ್ಲ. ಎಲ್ಲೋ ಒಬ್ಬ ಕಮ್ಮಾರ ಸಂಜೆ ಹೊತ್ತು ನಳಿಗೆ ಬದಲಿಸಿಕೊಡುತ್ತಾನೆಂದು ಯಾರಾದರೂ ಹೇಳಿದರೆ, ಸದಸ್ಯರು ಆ ದಾರಿ ಹಿಡಿಯಬಾರದು. ಅಂಥ ಪ್ರಕರಣದಲ್ಲಿ ಸಂಘದಿಂದ ಯಾವ ಸಹಾಯವೂ ಸಾಧ್ಯವಿಲ್ಲವೆಂದು ಮೊದಲೇ ತಿಳಿಸಿದ್ದೇವೆ.

ಎರಡನೆಯದು ಪ್ರಾಣಿಗಳ ವಿಚಾರ. ಎಳೆ ಅಡಿಕೆ ಕಚ್ಚಿ ಉದುರಿಸುವ ಮಂಗ, ಕೊಕ್ಕೋ ಕೊರೆಯುವ ಕೆಂಪಳಿಲು, ಬುಡ ಅಗೆಯುವ ಹಂದಿ, ಇವು ನಮ್ಮ ಬಾಯಲ್ಲಿ 'ಕಾಟ' ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ರಕ್ಷಿತ ಪ್ರಾಣಿಗಳು. ಆ ಕಾಯಿದೆಯಲ್ಲಿ ಕಾಗೆ, ಬಾವಲಿ, ಇಲಿ ಮುಂತಾದವುಗಳನ್ನು 'ವರ್ಮಿನ್' ಎಂದು ಹೆಸರಿಸಿದ್ದ 5ನೇ ಅನುಸೂಚಿಯೂ 2022ರ ತಿದ್ದುಪಡಿಯಲ್ಲಿ ಹೋಯಿತು. ಈಗ ಯಾವುದಾದರೂ ಪ್ರಾಣಿಯನ್ನು ಹಾಗೆ ಸಾರಬೇಕಾದರೆ ಕೇಂದ್ರ ಸರ್ಕಾರ ಪ್ರದೇಶ ಮತ್ತು ಅವಧಿ ಗೊತ್ತುಮಾಡಿ ಪ್ರಕಟಿಸಬೇಕು. ಅಂದರೆ ವಾರ್ಮಿಂಟ್ ರೈಫಲ್ಲಿಗೆ ಇಲ್ಲಿ ಗುರಿಯೇ ಇಲ್ಲ. ನಷ್ಟ ನಿಜ; ಸಹಿಸಿ ಎಂದು ನಾವು ಹೇಳುತ್ತಿಲ್ಲ. ನಷ್ಟದ ಲೆಕ್ಕ ಬರೆದಿಟ್ಟು, ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಪರಿಹಾರ ಕೇಳುವ ಕೆಲಸದಲ್ಲಿ ಸಂಘ ಸದಸ್ಯರ ಜೊತೆಗಿದೆ. ಆದರೆ ಆ ಸಿಟ್ಟನ್ನು ನಳಿಗೆಯಲ್ಲಿ ತುಂಬಬಾರದು.

ಮೂರನೆಯದು ನಮ್ಮ ನೆಲ. ಅಲ್ಲಿ ಬಯಲು, ಬೇಟೆಗಾರ ಏರಿನ ಮೇಲೆ ಮಲಗಿ, ಗುರಿಯ ಹಿಂದೆ ಮಣ್ಣಿನ ದಿಬ್ಬ ನೋಡಿಕೊಂಡು, ಕೆಳಮುಖವಾಗಿ ಹೊಡೆಯುತ್ತಾನೆ. ಇಲ್ಲಿ ಕಾಫಿ ಗಿಡಗಳ ನಡುವೆ ಐವತ್ತು ಗಜ ಕಂಡರೆ ಹೆಚ್ಚು. ಪ್ರಾಣಿ ಇರುವುದು ತಲೆಯ ಮೇಲೆ, ನೆರಳಿನ ಮರದಲ್ಲೋ ಅಡಿಕೆಯ ತುದಿಯಲ್ಲೋ. ಮೇಲ್ಮುಖವಾಗಿ ಹಾರಿದ ಗುಂಡಿನ ಹಿಂದೆ ಮಣ್ಣಿಲ್ಲ, ಆಕಾಶವಿದೆ. ಹನ್ನೆರಡು ಬೋರಿನ ಸಣ್ಣ ಚರೆ ಕೆಲವು ನೂರು ಗಜದಲ್ಲಿ ಬಲ ಕಳೆದುಕೊಂಡು ಬೀಳುತ್ತದೆ. ರೈಫಲ್ಲಿನ ಗುಂಡು ಹಾಗಲ್ಲ, ಸಾಧಾರಣ.22 ಗುಂಡೇ ಒಂದು ಮೈಲಿಗೂ ಹೆಚ್ಚು ಹೋಗಬಲ್ಲದು. ಒಂದು ಮೈಲಿಯೆಂದರೆ ನಮ್ಮಲ್ಲಿ ಮೂರು ತೋಟ, ಒಂದು ಲೈನುಮನೆ, ಒಂದು ಶಾಲೆ. ಕೊಯ್ಲಿನ ದಿನಗಳಲ್ಲಿ ಗಿಡದ ಮರೆಯಲ್ಲಿ ಯಾರು ಬುಟ್ಟಿ ಹಿಡಿದು ನಿಂತಿದ್ದಾರೆಂದು ತೋಟದ ಯಜಮಾನನಿಗೇ ತಿಳಿದಿರುವುದಿಲ್ಲ.

ಕೋವಿ ಬೇಡ ಎಂದು ಹೇಳುವವರು ನಾವಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವ ನಾಡು ಇದು. ಪೂಜಿಸುವ ವಸ್ತುವಿನ ಬಗ್ಗೆ ಸರಿಯಾಗಿ ತಿಳಿದಿರುವುದೂ ಪೂಜೆಯ ಭಾಗವೇ ಎಂದು ನಮ್ಮ ಭಾವನೆ. ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ಈ ವಾರ ಬಿಡುವು ಮಾಡಿಕೊಂಡು ಮನೆಯ ಕೋವಿಯನ್ನು ಇಳಿಸಿ, ಖಾಲಿಯಿದೆಯೆಂದು ಎರಡು ಬಾರಿ ನೋಡಿ, ನಳಿಗೆಯ ಮೇಲಿನ ಬರಹ ಓದಿರಿ. ಬೋರು ಯಾವುದು, ಗೂಡಿನ ಉದ್ದ ಎಷ್ಟು, ಲೈಸೆನ್ಸಿನಲ್ಲಿ ಅದೇ ಬರೆದಿದೆಯೇ, ನವೀಕರಣದ ದಿನ ಯಾವಾಗ ಎಂದು ಒಂದು ಚೀಟಿಯಲ್ಲಿ ಬರೆದು ಲೈಸೆನ್ಸಿನ ಜೊತೆ ಇಡಿರಿ. ಬರಹ ಅಳಿಸಿಹೋಗಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಒಂದು ಈಡನ್ನೂ ಹಾಕಬೇಡಿರಿ. ಮನೆಯ ಮಕ್ಕಳಲ್ಲಿ ಯಾರು ಮುಂದೆ ಅದರ ವಾರಸುದಾರರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿರಿ.

ಪೆನ್ಸಿಲ್ವೇನಿಯದಿಂದ ಉತ್ತರ ಬಂದಿದೆ. ಹುಡುಗ ಹಳೆಯ ಹಾರ್ನೆಟ್ ಒಂದನ್ನು ನೋಡಿಬಂದಿದ್ದಾನಂತೆ. ಗೂಡು ಹಿಗ್ಗಿಸುವುದನ್ನು ಒಂದು ವರ್ಷ ಮುಂದೂಡಿ, ಮೊದಲು ಸಾಧಾರಣ ಕಾಡತೂಸಿನಲ್ಲೇ ಕೈ ಪಳಗಿಸುತ್ತೇನೆ ಎಂದು ಚಿಕ್ಕಪ್ಪನಿಗೆ ಬರೆದಿದ್ದಾನೆ. ನಾವು ಕೊಟ್ಟ ಸಲಹೆಗಿಂತ ಅವನ ತೀರ್ಮಾನವೇ ಮೇಲು ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಸದಸ್ಯರು ತಮ್ಮ ಅಭಿಪ್ರಾಯ ಬರೆದು ಕಳುಹಿಸಿದರೆ, ನಮ್ಮ ಮಾತಿಗೆ ವಿರುದ್ಧವಾಗಿದ್ದರೂ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ